ಗ್ರಾಮರ್ ಮುಗಿಯೋವರೆಗೆ ಕಾಯಬೇಡಿ

ಇಂಗ್ಲಿಷಿನ ಟೆನ್ಸ್ ಎಲ್ಲ ಬರುತ್ತೆ, ಮಾತಾಡೋಕೆ ಬಾಯಿ ಮಾತ್ರ ಬಿಡಲಾಗಲ್ಲ, ಇನ್ನೊಂದು ಗ್ರಾಮರ್ ಪುಸ್ತಕ ತಗೊಳ್ಳಲಾ ಅಂತ ಕೇಳಿದ್ದೀರಲ್ಲ, ಬಹುಶಃ 'ಮೊದಲು ಗ್ರಾಮರ್, ಆಮೇಲೆ ಮಾತು' ಅನ್ನೋ ನಂಬಿಕೆಯೇ ನಿಮ್ಮನ್ನು ಕಟ್ಟಿಹಾಕಿದೆ. ನನಗೂ ಹಾಗೇ ಆಗಿತ್ತು. ಪುಸ್ತಕ ಬೇಡ.

ಮೊದಲು, ಕನ್ನಡದಲ್ಲಿ ವಾಕ್ಯ ಕಟ್ಟಿ ತಿರುಗಿಸೋದು ಬಿಡಿ. 'ನಾನು ರಾಯಚೂರಿಗೆ ಹೋಗುತ್ತಿದ್ದೇನೆ' ಅನ್ನೋದರಲ್ಲಿ ಕ್ರಿಯಾಪದ ಕೊನೆಗೆ, 'ಗೆ' ಊರಿನ ಬಾಲಕ್ಕೆ. 'ಐ ಆಮ್ ಗೋಯಿಂಗ್ ಟು ರಾಯಚೂರ್' ಅನ್ನೋದರಲ್ಲಿ ಎಲ್ಲ ಹಿಂದುಮುಂದು, ಅದನ್ನು ತಲೆಯಲ್ಲಿ ಜೋಡಿಸೋಷ್ಟರಲ್ಲಿ ಎದುರಿನವರು ಬೇರೆ ಮಾತಿಗೆ ಹೋಗಿರುತ್ತಾರೆ. ಅದಕ್ಕೇ ಇಡೀ ಇಂಗ್ಲಿಷ್ ವಾಕ್ಯವನ್ನೇ ಜೋರಾಗಿ ಹೇಳಿ, ಊರಿನ ಹೆಸರು ಬದಲಿಸುತ್ತಾ ಬಾಯಿಗೆ ರೂಢಿ ಮಾಡಿ. ದಿನಕ್ಕೆ ಇಂಥ ಐದು ವಾಕ್ಯ ಸಾಕು.

ಆಮೇಲೆ ಕೇಳೋದು. ಬಳ್ಳಾರಿ ಸ್ಟೇಷನ್ನಿನಲ್ಲಿ ಒಂದೇ ರೈಲಿನ ವಿಷಯ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೇಳುತ್ತಾರೆ ಅಲ್ವಾ, ಅರ್ಥ ಗೊತ್ತಿರೋದರಿಂದ ಕಿವಿ ಬೇಗ ಹಿಡಿಯುತ್ತೆ.

ಮೂರನೆಯದು, ರಾತ್ರಿ ಮಲಗೋ ಮುಂಚೆ ಅವತ್ತಿನ ದಿನದ ಬಗ್ಗೆ ಎರಡು ನಿಮಿಷ ಮಾತಾಡಿ ಫೋನಿನಲ್ಲಿ ರೆಕಾರ್ಡ್ ಮಾಡಿ. 'ಹಿ ಗೋಸ್' ಅನ್ನೋ ಬದಲು 'ಹಿ ಗೋ' ಅಂದುಬಿಟ್ಟರೂ ನಿಲ್ಲಿಸಬೇಡಿ. ಆ 'ಗೋಸ್' ಬೇರೆ ಬೇರೆ ಭಾಷೆಯವರಿಗೂ ತಡವಾಗಿಯೇ ಕೂರುತ್ತೆ. ನಿಮಗೆ ಎಷ್ಟು ವಾರ ಹಿಡಿಯುತ್ತೋ ಖಚಿತವಾಗಿ ಹೇಳಲಾರೆ, ಆದರೆ ಇವತ್ತಿನ ರೆಕಾರ್ಡಿಂಗ್ ಅಳಿಸದೆ ಇಟ್ಟುಕೊಳ್ಳಿ, ತಿಂಗಳಾದ ಮೇಲೆ ಹೋಲಿಸಿ ನೋಡೋಕೆ ಬೇಕಾಗುತ್ತೆ.