ಏಳು ಸಾಲಿನ ತಿದ್ದುಪಡಿಗೆ ಅಷ್ಟುದ್ದ ವಿವರಣೆ ಯಾಕೆ?

ಹಾಸನದ ಓದುಗರೊಬ್ಬರ ಪತ್ರಕ್ಕೆ ಈ ಸಲ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತಿದ್ದೇನೆ. ಅವರು ಕಾಲೇಜು ಉಪನ್ಯಾಸಕಿ. ಬಿಡುವಿದ್ದಾಗ ಒಂದು ಓಪನ್ ಸೋರ್ಸ್ (ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ) ಫೈಲ್ ಮ್ಯಾನೇಜರಿಗೆ ಕೋಡ್ ಬರೆಯುತ್ತಾರೆ, ಅದರ ಕನ್ನಡ ಅನುವಾದವನ್ನೂ ನೋಡಿಕೊಳ್ಳುತ್ತಾರೆ. ಅವರದು ಎರಡು ದೂರು. ಉದ್ದ ಕನ್ನಡ ಹೆಸರಿನ ಫೈಲುಗಳ ಕೊನೆಯಲ್ಲಿ ಚೌಕದ ಗುರುತು ಕಾಣುತ್ತಿತ್ತು. ಅದನ್ನು ಏಳು ಸಾಲಿನಲ್ಲಿ ಸರಿಮಾಡಿ ಕಳಿಸಿದರು. ಮೇಂಟೇನರ್, ಅಂದರೆ ಆ ಪ್ರಾಜೆಕ್ಟ್ ನೋಡಿಕೊಳ್ಳುವವರು, ಕೋಡ್ ಬಗ್ಗೆ ಚಕಾರ ಎತ್ತದೆ, ಕಮಿಟ್ ಮೆಸೇಜ್ (ದಾಖಲಾಗುವ ತಿದ್ದುಪಡಿಗೆ, ಅಂದರೆ ಕಮಿಟ್‌ಗೆ, ಬರೆಯುವ ವಿವರಣೆ) ಸರಿಯಿಲ್ಲ ಅಂತ ಮತ್ತೆ ಮತ್ತೆ ವಾಪಸ್ ಕಳಿಸಿದರಂತೆ. 'ಕೋಡ್ ಸರಿಯಿದ್ದ ಮೇಲೆ ಈ ಗುಮಾಸ್ತಗಿರಿ ಯಾಕೆ?' ಅನ್ನುವುದು ಅವರ ಪ್ರಶ್ನೆ. ಇನ್ನೊಂದು, ಅವರು ಅನುವಾದಿಸಿದ್ದ ಹತ್ತಾರು ಸಾಲುಗಳು ಹೊಸ ಆವೃತ್ತಿಯಲ್ಲಿ ಇಂಗ್ಲಿಷಿಗೆ ತಿರುಗಿಬಿಟ್ಟಿವೆ. ಯಾಕೆ ಅಂತ ಯಾರೂ ಒಂದು ಮಾತು ಹೇಳಿಲ್ಲ.

ಮೇಡಂ, ಮೊದಲ ದೂರಿನಲ್ಲಿ ನಾನು ಮೇಂಟೇನರ್ ಕಡೆ. ಎರಡನೆಯದರಲ್ಲಿ ಪೂರ್ತಿ ನಿಮ್ಮ ಕಡೆ.

ನೀವು ಕಳಿಸಿದ್ದ ಮೆಸೇಜಿನಲ್ಲಿ ಇದ್ದದ್ದು 'ಬಗ್ ಫಿಕ್ಸ್' ಅಂತ ಎರಡೇ ಪದ. ಕೋಡಿನಲ್ಲಿ ಏನು ಬದಲಾಯಿತು ಅನ್ನುವುದು ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನಲ್ಲಿ ಹೇಗೂ ಕಾಣುತ್ತದೆ. ಯಾಕೆ ಬದಲಾಯಿತು ಅನ್ನುವುದು ಕಾಣುವುದಿಲ್ಲ. ನಾಲ್ಕೈದು ವರ್ಷ ಬಿಟ್ಟು ಯಾರೋ ಒಬ್ಬರು ಆ ಏಳು ಸಾಲು ನೋಡುತ್ತಾರೆ ಅಂದುಕೊಳ್ಳಿ. ಅವರಿಗೆ ಕನ್ನಡ ಗೊತ್ತಿಲ್ಲ. ಅವರ ಕಂಪ್ಯೂಟರಿನಲ್ಲಿ ಒಂದೂ ಕನ್ನಡ ಹೆಸರಿನ ಫೈಲಿಲ್ಲ. 'ಇದೇನು, ಸುಮ್ನೆ ಲೂಪ್ ಸುತ್ತುತ್ತಿದೆ' ಅಂತ ತೆಗೆದುಹಾಕುತ್ತಾರೆ. ಪರೀಕ್ಷೆ ಎಲ್ಲ ಪಾಸಾಗುತ್ತದೆ. ನಿಮ್ಮ ಚೌಕ ವಾಪಸ್ ಬರುತ್ತದೆ.

ಇದು ಸುಮ್ಮನೆ ಹೆದರಿಸುವ ಮಾತಲ್ಲ. 2006ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯಲ್ಲಿ ಹೆಚ್ಚುಕಡಿಮೆ ಹೀಗೇ ಆಯಿತು. ಓಪನ್‌ಎಸ್‌ಎಸ್‌ಎಲ್ ಅನ್ನುವ ಗೂಢಲಿಪಿ ಲೈಬ್ರರಿಯ ಕೋಡನ್ನು ವಾಲ್‌ಗ್ರಿಂಡ್ ಎಂಬ ತಪಾಸಣೆ ಸಾಧನಕ್ಕೆ ಕೊಟ್ಟರೆ, ಇನ್ನೂ ಏನೂ ತುಂಬದ ಮೆಮೊರಿಯನ್ನು ಓದುತ್ತಿದೆ ಎಂದು ಅದು ತಕರಾರು ತೆಗೆಯುತ್ತಿತ್ತು. ಕಾರಣ ಹುಡುಕಿದಾಗ ಎರಡು ಜಾಗದಲ್ಲಿ ಒಂದೇ ಥರದ ಒಂದೊಂದು ಸಾಲು ಸಿಕ್ಕಿತು. ಡೆಬಿಯನ್‌ನಲ್ಲಿ ಆ ಪ್ಯಾಕೇಜ್ ನೋಡಿಕೊಳ್ಳುತ್ತಿದ್ದವರು ಹೇಳದೆ ಕೇಳದೆ ಕೈ ಹಾಕಲಿಲ್ಲ. ಓಪನ್‌ಎಸ್‌ಎಸ್‌ಎಲ್‌ನ ಮೇಲಿಂಗ್ ಲಿಸ್ಟಿನಲ್ಲಿ ಈ ಎರಡು ಸಾಲು ತೆಗೆದರೆ ಹೇಗೆ ಅಂತ ಕೇಳಿದರು. ಡೀಬಗ್ ಮಾಡಲು ಅನುಕೂಲವಾಗುವುದಾದರೆ ತೆಗೆಯಬಹುದು ಅನ್ನುವ ಅರ್ಥದ ಉತ್ತರ ಬಂತು. ತೆಗೆದರು.

ಎರಡರಲ್ಲಿ ಒಂದು ಸಾಲು ಹೋದರೆ ನಷ್ಟವಿರಲಿಲ್ಲ. ಇನ್ನೊಂದೇ ಜೀವಾಳ. ಗೂಢಲಿಪಿಯ ಕೀಲಿಗೆ ಬೇಕಾದ ಯಾದೃಚ್ಛಿಕತೆಯನ್ನು, ಅಂದರೆ ಯಾರೂ ಊಹಿಸಲಾಗದ ಗುಣವನ್ನು, ಬೆರೆಸುತ್ತಿದ್ದದ್ದು ಅದೇ. ಅದು ಯಾಕಿದೆ ಅಂತ ಪಕ್ಕದಲ್ಲಿ ಒಂದು ಮಾತೂ ಬರೆದಿರಲಿಲ್ಲ. ಅದು ಹೋದ ಮೇಲೆ ಉಳಿದದ್ದು ಪ್ರೋಸೆಸ್ ಸಂಖ್ಯೆ (ಓಡುತ್ತಿರುವ ಪ್ರೋಗ್ರಾಮಿಗೆ ಕಂಪ್ಯೂಟರ್ ಕೊಡುವ ಸಂಖ್ಯೆ) ಮಾತ್ರ. ಹಾಗಾಗಿ ಒಂದು ಬಗೆಯ ಕಂಪ್ಯೂಟರಿನಲ್ಲಿ ಒಂದು ಅಳತೆಯ ಕೀಲಿ ಎಂದರೆ ಹೆಚ್ಚೆಂದರೆ 32,768 ಸಾಧ್ಯತೆ. ಅಷ್ಟನ್ನೂ ಕುಳಿತಲ್ಲೇ ಮಾಡಿ ಇಟ್ಟುಕೊಳ್ಳಬಹುದು. ವಿಷಯ ಹೊರಬಿದ್ದದ್ದು 2008ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಅದು ಡೆಬಿಯನ್ ಆಧರಿಸಿದ ಉಬುಂಟುವಿಗೂ ಹೋಗಿತ್ತು. ಊರೆಲ್ಲ ಕೀಲಿ ಬದಲಿಸಬೇಕಾಯಿತು.

ನಾನು ಇದರಲ್ಲಿ ಆ ಒಬ್ಬರನ್ನೇ ದೂರುವುದಿಲ್ಲ. ಈ ಬದಲಾವಣೆ ಲಕ್ಷಾಂತರ ಜನರ ಕೈಗೆ ಹೋಗುತ್ತದೆ ಅನ್ನುವುದು ಪ್ರಶ್ನೆಯಲ್ಲಿ ಸ್ಪಷ್ಟವಿರಲಿಲ್ಲ. ಉತ್ತರ ಕೊಟ್ಟವರು ಅದನ್ನು ಡೀಬಗ್‌ಗೆ ಅಂದುಕೊಂಡರು. ತಿದ್ದಿದ ಕೋಡ್ ವಿವರಣೆಯ ಜೊತೆ ಮೂಲ ತಂಡದ ರಿವ್ಯೂಗೆ ಹೋಗಲೇ ಇಲ್ಲ. ಹೋಗಿದ್ದರೆ ಯಾರಾದರೊಬ್ಬರು 'ಇರಿ ಇರಿ' ಅನ್ನುತ್ತಿದ್ದರೋ ಏನೋ.

ಈ ವಿಷಯದಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ ಬರೆಯುವವರಷ್ಟು ಕಟ್ಟುನಿಟ್ಟು ಮಾಡುವವರು ಕಡಿಮೆ. ಮೊದಲ ಸಾಲಿನಲ್ಲಿ ಯಾವ ಭಾಗ ಅಂತ ಹೇಳಿ, ಕೋಲನ್ ಹಾಕಿ, ಬದಲಾವಣೆಯ ಸಾರ. ಕೆಳಗೆ ತೊಂದರೆ ಏನಿತ್ತು, ಬಳಸುವವರಿಗೆ ಹೇಗೆ ಕಾಣುತ್ತಿತ್ತು, ಯಾಕೆ ಈ ದಾರಿ ಹಿಡಿದಿರಿ. ಹಳೆಯ ಕಮಿಟ್ ಒಂದರಿಂದ ಬಂದ ಬಗ್ ಆದರೆ 'ಫಿಕ್ಸಸ್' ಅನ್ನುವ ಸಾಲಿನಲ್ಲಿ ಆ ಕಮಿಟ್‌ನ ಗುರುತಿನ ಮೊದಲ 12 ಅಕ್ಷರ ಬರೆಯಬೇಕು. ಹಳೆಯ ಆವೃತ್ತಿಗಳನ್ನು ಕಾಯುವ ತಂಡದವರು ಯಾವುದನ್ನು ಹಿಂದಕ್ಕೂ ಒಯ್ಯಬೇಕು ಅಂತ ನೋಡುವಾಗ ಆ ಸಾಲು ಕೆಲಸಕ್ಕೆ ಬರುತ್ತದೆ. 'ಹಿಂದಿನ ಸಲ ನೀವು ಹೇಳಿದ್ದನ್ನು ತಿದ್ದಿದ್ದೇನೆ' ಅನ್ನುವಂಥ ಮಾತು ಮಾತ್ರ ಮೂರು ಅಡ್ಡಗೆರೆಯ ಕೆಳಗೆ ಹೋಗುತ್ತದೆ. ರಿವ್ಯೂ ಮಾಡುವವರು ಅದನ್ನು ಓದುತ್ತಾರೆ, ಶಾಶ್ವತ ದಾಖಲೆಗೆ ಅದು ಸೇರುವುದಿಲ್ಲ. ಈ ಏರ್ಪಾಡು ನನಗೆ ಬಹಳ ಇಷ್ಟ. ಇವತ್ತು ಓದುವವರಿಗೆ ಒಂದು, ಮುಂದೆ ಓದುವವರಿಗೆ ಇನ್ನೊಂದು.

ಚರ್ಚೆಯಲ್ಲಿ ಎಲ್ಲ ಹೇಳಿದ್ದೆನಲ್ಲ ಅಂತ ನೀವು ಬರೆದಿದ್ದೀರಿ. ಚರ್ಚೆ ನಡೆದ ತಾಣ ನಾಳೆ ಮುಚ್ಚಬಹುದು. ಸಾಧನಗಳೂ ಬದಲಾಗುತ್ತವೆ: ಕರ್ನಲ್‌ನವರೇ 2005ರಲ್ಲಿ ಕೋಡ್ ಇಡುತ್ತಿದ್ದ ಬಿಟ್‌ಕೀಪರ್ ಬಿಟ್ಟು ಗಿಟ್‌ಗೆ ಬರಬೇಕಾಯಿತು. ಕಮಿಟ್ ಮೆಸೇಜ್ ಆದರೆ ಕೋಡ್ ಹೋದಲ್ಲಿಗೆಲ್ಲ ಹೋಗುತ್ತದೆ.

ನಾನಾದರೆ ನಿಮ್ಮ ಮೆಸೇಜನ್ನು ಹೀಗೆ ಬರೆಯುತ್ತಿದ್ದೆ. ಅಲ್ಲಿಗೆ ಇಂಗ್ಲಿಷಿನಲ್ಲೇ ಕಳಿಸಿ, ಓದುವವರು ಎಲ್ಲೆಲ್ಲಿಯವರೋ ಇರುತ್ತಾರೆ.

'ಫೈಲ್ ಪಟ್ಟಿ: ಉದ್ದ ಹೆಸರನ್ನು ಅಕ್ಷರದ ನಡುವೆ ಕತ್ತರಿಸಬೇಡ.

ಹೆಸರು 32 ಬೈಟ್ ದಾಟಿದರೆ ಈಗಿನ ಕೋಡ್ ಅಲ್ಲಿಗೇ ಕತ್ತರಿಸುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೂ 3 ಬೈಟ್ ಬೇಕು. ಕತ್ತರಿ ಅದರ ನಡುವೆ ಬಿದ್ದರೆ ಕೊನೆಯಲ್ಲಿ ಚೌಕ ಕಾಣುತ್ತದೆ. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕಾದ್ದರಿಂದ ಅಲ್ಲಿ ಈ ತೊಂದರೆ ಕಾಣುವುದಿಲ್ಲ. ಕತ್ತರಿಸುವ ಮೊದಲು ಹಿಂದಿನ ಸಂಕೇತದ ಕೊನೆಗೆ ಸರಿದುಕೋ. ಒತ್ತಕ್ಷರ ಒಡೆದು ಕಾಣುವುದು ಇದರಿಂದ ನಿಲ್ಲುವುದಿಲ್ಲ, ಅದಕ್ಕೆ ಬೇರೆ ತಿದ್ದುಪಡಿ ಬೇಕು.'

ಕೊನೆಯ ವಾಕ್ಯ ಬಿಡಬೇಡಿ. ಏನು ಸರಿಯಾಗಿಲ್ಲ ಅಂತ ನೀವೇ ಹೇಳಿಬಿಟ್ಟರೆ ರಿವ್ಯೂ ಮಾಡುವವರ ಅರ್ಧ ಅನುಮಾನ ಅಲ್ಲೇ ಕರಗುತ್ತದೆ.

ಮೇಂಟೇನರ್ ಉತ್ತರ ಒರಟಾಗಿತ್ತು ಅಂದಿದ್ದೀರಿ. ಇರಬಹುದು. ಲಿನಕ್ಸ್ ಶುರುಮಾಡಿದ ಲಿನಸ್ ಟೋರ್ವಾಲ್ಡ್ಸ್ ಅವರೇ 2018ರಲ್ಲಿ ತಮ್ಮ ಮಾತಿನ ಧಾಟಿಗೆ ಕ್ಷಮೆ ಕೇಳಿ ಸ್ವಲ್ಪ ದಿನ ಕೆಲಸದಿಂದ ದೂರ ಇದ್ದರು. ಒರಟುತನಕ್ಕೆ ನಾನು ವಕಾಲತ್ತು ಹಾಕುವುದಿಲ್ಲ. ಆದರೆ ಅವರು ಕೇಳಿದ್ದು ನ್ಯಾಯವೇ.

ಈಗ ಅನುವಾದದ ವಿಷಯ. ಇಲ್ಲಿ ತಪ್ಪು ಅವರದೇ. ನಿಮ್ಮ ತಂತ್ರಾಂಶ ಗೆಟ್‌ಟೆಕ್ಸ್ಟ್ ಎಂಬ ಅನುವಾದದ ಸಾಧನ ಬಳಸುತ್ತದೆ ಅಂತ ಬರೆದಿದ್ದೀರಿ. ಅದರಲ್ಲಿ ಮೂಲ ಇಂಗ್ಲಿಷ್ ಸಾಲೇ ಅನುವಾದದ ವಿಳಾಸ. ಡೆವಲಪರ್ ಒಂದು ಕಾಗುಣಿತ ತಿದ್ದಿದರೂ, ಕೊನೆಗೊಂದು ಪೂರ್ಣವಿರಾಮ ಹಾಕಿದರೂ ವಿಳಾಸ ಬದಲಾಯಿತು. ಆಗ ನಿಮ್ಮ ಕನ್ನಡ ಸಾಲಿಗೆ 'ಫಜಿ' ಅನ್ನುವ ಗುರುತು ಬೀಳುತ್ತದೆ, ಅಂದರೆ ಮನುಷ್ಯರು ಇನ್ನೊಮ್ಮೆ ನೋಡಬೇಕು ಅಂತ. ಆ ಗುರುತಿರುವ ಸಾಲನ್ನು ಸಾಮಾನ್ಯವಾಗಿ ತಂತ್ರಾಂಶದೊಳಗೆ ಸೇರಿಸುವುದಿಲ್ಲ. ಬಳಸುವವರಿಗೆ ಇಂಗ್ಲಿಷೇ ಕಾಣುತ್ತದೆ. ಡೆವಲಪರ್‌ಗೆ ಅದು ಒಂದು ಚುಕ್ಕಿ. ಜಗತ್ತಿನ ಅಷ್ಟೂ ಭಾಷೆಯ ಅನುವಾದಕರಿಗೆ ಒಂದೊಂದು ಸಂಜೆಯ ಕೆಲಸ.

ಇದಕ್ಕೆ ಮದ್ದು ಇಲ್ಲ ಅಂತಲ್ಲ. ಲಿನಕ್ಸ್‌ನ ಡೆಸ್ಕ್‌ಟಾಪ್ ಆದ ಗ್ನೋಮ್ ವರ್ಷಕ್ಕೆ ಎರಡು ಸಲ ಬಿಡುಗಡೆಯಾಗುತ್ತದೆ. ಪ್ರತಿ ಬಿಡುಗಡೆಗೂ ಮುಂಚೆ 'ಸ್ಟ್ರಿಂಗ್ ಫ್ರೀಜ್' ಇರುತ್ತದೆ. ಆಮೇಲೆ ಪರದೆಯ ಮೇಲಿನ ಮಾತು ಬದಲಿಸಬೇಕಾದರೆ ಅನುವಾದ ತಂಡದ ಒಪ್ಪಿಗೆ ಬೇಕು. ಫೈರ್‌ಫಾಕ್ಸ್‌ನಲ್ಲಿ ಪ್ರತಿ ಸಾಲಿಗೂ ಬೇರೆಯೇ ಐಡಿ ಇದೆ. ಅರ್ಥ ಬದಲಾದರೆ ಐಡಿಯನ್ನೂ ಬದಲಿಸಬೇಕು, ಬರೀ ಕಾಗುಣಿತವಾದರೆ ಮುಟ್ಟಬೇಕಿಲ್ಲ. ವಿಕಿಪೀಡಿಯ ನಡೆಸುವ ಮೀಡಿಯಾವಿಕಿ ತಂತ್ರಾಂಶದಲ್ಲಂತೂ ಪ್ರತಿ ಸಂದೇಶಕ್ಕೂ ಒಂದು ಟಿಪ್ಪಣಿ ಬರೆಯುವುದು ಡೆವಲಪರ್ ಕೆಲಸದ ಭಾಗ. $1 ಅನ್ನುವ ಜಾಗದಲ್ಲಿ ಫೈಲಿನ ಹೆಸರು ಬರುತ್ತದೋ ಬಳಕೆದಾರರ ಹೆಸರು ಬರುತ್ತದೋ ಅಂತ ಅಲ್ಲಿ ಹೇಳಿರುತ್ತಾರೆ. ಕನ್ನಡದಲ್ಲಿ ವಿಭಕ್ತಿ ಹಚ್ಚುವ ನಮಗೆ ಅದು ಗೊತ್ತಿಲ್ಲದೆ ಕೈಯೇ ಓಡುವುದಿಲ್ಲ, ಅಲ್ವಾ?

ನಿಮ್ಮ ತಂಡಕ್ಕೆ ಇದರಲ್ಲಿ ಒಂದನ್ನಾದರೂ ಕೇಳಿ. ಸಣ್ಣ ಪ್ರಾಜೆಕ್ಟಿಗೆ ಗ್ನೋಮ್‌ನ ಏರ್ಪಾಡು ಭಾರವಾಗಬಹುದು. ಬಿಡುಗಡೆಗೆ ಎರಡು ವಾರ ಮುಂಚೆ ಅನುವಾದಕರಿಗೆ ಒಂದು ಸೂಚನೆ, ಆಮೇಲೆ ಪರದೆಯ ಮಾತು ಮುಟ್ಟಬಾರದು, ಇಷ್ಟಾದರೂ ಸಾಕು. ಆ ಕೋರಿಕೆ ಕಳಿಸುವಾಗ 'ಕನ್ನಡಕ್ಕೆ ಅನ್ಯಾಯ' ಅಂತ ಶುರುಮಾಡಬೇಡಿ. ಇಂಥ ಕಮಿಟ್‌ನಿಂದ ಇಷ್ಟು ಸಾಲು ಫಜಿ ಆಯಿತು, ಎಲ್ಲ ಭಾಷೆಗೂ ಇದೇ ಗತಿ ಅಂತ ತೋರಿಸಿ. ನಿಮ್ಮ ಮೇಂಟೇನರ್ ಅಂಥ ಬರವಣಿಗೆಗೆ ಕಿವಿಗೊಡುವ ಮನುಷ್ಯ ಅಂತ ನಿಮ್ಮ ಪತ್ರದಿಂದಲೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ನಿಮ್ಮ ಅನುವಾದ ಅಳಿಸಿಹೋಗಿದೆ ಅಂತ ಕೊರಗಿದ್ದೀರಿ. ಬಹುಪಾಲು ಹೋಗಿರುವುದಿಲ್ಲ. ಅನುವಾದದ ಸಾಲುಗಳಿರುವ ಪಿಒ ಫೈಲ್ ತೆರೆದು ಫಜಿ (fuzzy) ಅಂತ ಹುಡುಕಿ, ಹಳೆಯ ಕನ್ನಡ ಸಾಲು ಅಲ್ಲೇ ಕೂತಿರುತ್ತದೆ. ಹೊಸ ಇಂಗ್ಲಿಷಿಗೆ ಸರಿಹೊಂದಿದರೆ ಗುರುತು ತೆಗೆಯಿರಿ, ಹೊಂದದಿದ್ದರೆ ತಿದ್ದಿ. ಆ ಕಮಿಟ್‌ಗೆ 'ಕನ್ನಡ ಅಪ್‌ಡೇಟ್' ಅಂತಷ್ಟೇ ಬರೆದು ಕಳಿಸಬೇಡಿ ಮತ್ತೆ.