ಓದುಗರ ಪ್ರಶ್ನೆ: ಮುಂಬಯಿಯ ಗೋದಿಗೆ (ಹಡಗುಕಟ್ಟೆಗೆ) ಹೋದ ದೊಡ್ಡಜ್ಜ ತೀರಿಕೊಂಡದ್ದು ಯಾವಾಗ?

ಪ್ರಶ್ನೆ: ನಮ್ಮ ಅಜ್ಜನ ಅಣ್ಣ, ಅಂದರೆ ನಾವು ದೊಡ್ಡಜ್ಜ ಎಂದು ಕರೆಯುವವರು, 1941ರ ಸುಮಾರಿಗೆ ಕಾರವಾರದಿಂದ ಆಗಬೋಟು (ಉಗಿಹಡಗು) ಹತ್ತಿ ಮುಂಬಯಿಗೆ ಹೋಗಿ ಗೋದಿಯಲ್ಲಿ ಕೆಲಸಕ್ಕೆ ಸೇರಿದ್ದರು. ಯುದ್ಧದ ಕಾಲದಲ್ಲಿ ಗೋದಿಯಲ್ಲಿ ಆದ ದೊಡ್ಡ ಸ್ಫೋಟದಲ್ಲಿ ಅವರು ತೀರಿಕೊಂಡರೆಂದು ಮನೆಯಲ್ಲಿ ಹೇಳುತ್ತಾರೆ. 1956ರಲ್ಲಿ ಅಜ್ಜ ಗೋಕರ್ಣದಲ್ಲಿ ದರ್ಭೆಯ ಪ್ರತಿಕೃತಿ ಮಾಡಿಸಿ ಸಂಸ್ಕಾರ ಮುಗಿಸಿದರಂತೆ; ಅಲ್ಲಿಯವರೆಗೂ ದೊಡ್ಡಜ್ಜಿ ಕುಂಕುಮ ತೆಗೆದಿರಲಿಲ್ಲವಂತೆ. ಶ್ರಾದ್ಧವನ್ನು ಮಹಾಲಯ ಅಮಾವಾಸ್ಯೆಯಂದು ಮಾಡುತ್ತೇವೆ. ಅವರದೊಂದು ಕಾರ್ಡು ಉಳಿದಿದೆ. ಅಂಚೆಯ ಮುದ್ರೆಯ ದಿನಾಂಕ ಅಳಿಸಿಹೋಗಿದೆ. ಮರಣದ ದಾಖಲೆ ಹುಡುಕಲು ಮುಂಬಯಿಗೆ ಹೋಗಬೇಕೇ?
— ಅಂಕೋಲಾ ತಾಲೂಕಿನ ಓದುಗರೊಬ್ಬರು

ಉತ್ತರ: ಹೋಗಬೇಕಾಗಬಹುದು, ಆದರೆ ಮೊದಲು ಅಲ್ಲಿಗಲ್ಲ. ಸತ್ತವರ ದಾಖಲೆಯನ್ನು ಅವರು ಸತ್ತ ಜಾಗದಲ್ಲಿ ಹುಡುಕಬೇಕೆನಿಸುವುದು ಸಹಜ. ಸಾವಿನ ಸ್ಥಳ ಖಚಿತವಿಲ್ಲದಾಗ ಮಾತ್ರ, ಅವರು ಸತ್ತಿದ್ದಾರೆಂದು ಯಾರು, ಯಾವ ಕಾರಣಕ್ಕೆ, ಯಾರ ಮುಂದೆ ಹೇಳಬೇಕಾಗಿ ಬಂತು ಎಂದು ಕೇಳಿಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ. ಅಂಥ ಕಾಗದ ಬಹುಪಾಲು ಊರಿನಲ್ಲೇ ಇರುತ್ತದೆ.

ನಿಮ್ಮ ಪತ್ರದಲ್ಲೇ ಒಂದು ಸುಳಿವಿದೆ. ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಸ್ಫೋಟಕ ಮತ್ತು ಹತ್ತಿ ತುಂಬಿದ್ದ ಫೋರ್ಟ್ ಸ್ಟೈಕಿನ್ ಹಡಗು ಸಿಡಿದದ್ದು 1944ರ ಏಪ್ರಿಲ್ 14ರ ಸಂಜೆ. ಬೆಂಕಿ ಆರಿಸಲು ಹೋದ ಅಗ್ನಿಶಾಮಕ ದಳದವರೇ 66 ಮಂದಿ ಸತ್ತರು. ಕೂಲಿಗಳು, ದಾರಿಹೋಕರು, ಸುತ್ತಲಿನ ಬಡಾವಣೆಯವರು ಸೇರಿ ನೂರಾರು ಜನ ಹೋದರು, ಎಷ್ಟೋ ದೇಹಗಳ ಗುರುತೇ ಸಿಗಲಿಲ್ಲ. ಆದರೆ ನಿಮ್ಮ ಅಜ್ಜ ಸಂಸ್ಕಾರ ಮಾಡಿಸಿದ್ದು 1956ರಲ್ಲಿ, ಅಂದರೆ ಸರಿಯಾಗಿ ಹನ್ನೆರಡು ವರ್ಷಗಳ ಮೇಲೆ. ನಾಪತ್ತೆಯಾದವನಿಗಾಗಿ ಹನ್ನೆರಡು ವರ್ಷ ಕಾದು, ಪಾಲಾಶ ವಿಧಿಯಿಂದ, ಅಂದರೆ ದೇಹದ ಬದಲು ಮುತ್ತುಗದ ಎಲೆ ಇಲ್ಲವೆ ದರ್ಭೆಯಿಂದ ಮಾಡಿದ ಪ್ರತಿಕೃತಿಯನ್ನು ದಹಿಸುವುದು ನಮ್ಮಲ್ಲಿ ಬಳಕೆಯಲ್ಲಿದ್ದ ಕ್ರಮ. ಸ್ಫೋಟದಲ್ಲೇ ತೀರಿಕೊಂಡರೆಂಬ ಖಚಿತ ಸುದ್ದಿ ಆಗಲೇ ಮುಟ್ಟಿದ್ದರೆ ಮನೆಯವರು ಅಷ್ಟು ವರ್ಷ ಕಾಯುತ್ತಿರಲಿಲ್ಲ, ತಿಥಿ ತಿಳಿಯದವರಿಗೆ ಮೀಸಲಾದ ಮಹಾಲಯ ಅಮಾವಾಸ್ಯೆಯನ್ನು ಹಿಡಿಯುತ್ತಲೂ ಇರಲಿಲ್ಲ. ಹೀಗಾಗಿ 1944ರಿಂದ ಸುದ್ದಿ ನಿಂತಿತ್ತು ಎಂಬಷ್ಟನ್ನು ನಂಬಬಹುದು. ಸ್ಫೋಟದ ಕತೆ ಆಮೇಲೆ ಯಾರದೋ ಊಹೆಯಿಂದ ಸೇರಿಕೊಂಡಿರಬಹುದು. ಕುಂಕುಮದ ಮಾತನ್ನು ನಿಮಗೆ ಹೇಳಿದ ಹಿರಿಯರು ಯಾರೆಂದು ಬರೆದಿಟ್ಟುಕೊಳ್ಳಿ. ಇಡೀ ಪತ್ರದಲ್ಲಿ ನನಗೆ ಅತ್ಯಂತ ನಂಬಲರ್ಹವೆನಿಸಿದ್ದು ಅದೇ.

ಈಗ ಆ ಕಾರ್ಡನ್ನು ಬೆಳಗಿನ ಬಿಸಿಲಿನಲ್ಲಿ ಓರೆಯಾಗಿ ಹಿಡಿದು ನೋಡಿ. ಮುದ್ರೆಗಿಂತ ಮುಖ್ಯವಾದದ್ದು ಬರಹದ ತಲೆಯಲ್ಲಿರುವ ಮಿತಿ, ಅಂದರೆ ಬರೆದ ದಿನದ ನಮೂದು. ಆ ಕಾಲದವರು ಅನೇಕರು ಇಂಗ್ಲಿಷ್ ತಾರೀಖಿನ ಬದಲು ಸಂವತ್ಸರ, ಮಾಸ, ತಿಥಿ ಬರೆಯುತ್ತಿದ್ದರು. 1944ರ ಮಾರ್ಚ್ ಕೊನೆಯ ಯುಗಾದಿಗೆ ಸ್ವಭಾನು ಸಂವತ್ಸರ ಮುಗಿದು ತಾರಣ ಹಿಡಿಯಿತು. ಸ್ಫೋಟ ನಡೆದದ್ದು ತಾರಣದ ಚೈತ್ರ ಕೃಷ್ಣಪಕ್ಷದಲ್ಲಿ. ಕಾರ್ಡಿನಲ್ಲಿ ಸ್ವಭಾನು ಎಂದಿದ್ದರೆ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ತಾರಣ ಎಂದಿದ್ದು ತಿಂಗಳು ವೈಶಾಖವೋ ಜ್ಯೇಷ್ಠವೋ ಆಗಿದ್ದರೆ ದೊಡ್ಡಜ್ಜ ಸ್ಫೋಟದಿಂದ ಪಾರಾಗಿದ್ದರು ಎಂದೇ ಅರ್ಥ. ಮಸಿ ಎದ್ದು ಕಾಣಲೆಂದು ಕಾರ್ಡಿಗೆ ನೀರು, ಎಣ್ಣೆ ತಾಗಿಸಬೇಡಿ. ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ಓದಿದರೆ ಸಾಕು.

ಮುಂದಿನ ಕೆಲಸ ಅಂಕೋಲೆಯ ತಾಲೂಕು ಕಚೇರಿಯ ಅಭಿಲೇಖಾಲಯದಲ್ಲಿದೆ. ಮನೆಯ ಗದ್ದೆಯಲ್ಲೋ ತೋಟದಲ್ಲೋ ದೊಡ್ಡಜ್ಜನ ಹೆಸರಿದ್ದರೆ, ಅದನ್ನು ತೆಗೆದು ವಾರಸುದಾರರ ಹೆಸರು ಹಚ್ಚುವಾಗ ಒಂದು ಮ್ಯುಟೇಶನ್ ನಮೂದು ಆಗಿರಲೇಬೇಕು. ಈಗಿನ ಪಹಣಿಯಿಂದ ಹಿಂದೆ ಹಿಂದೆ ಹೋಗುತ್ತ ಕೈಬರಹದ ಪಹಣಿಗಳಲ್ಲಿ ಆ ನಮೂದಿನ ನಂಬರು ಹಿಡಿದು, ಅದರ ದೃಢೀಕೃತ ನಕಲು ಕೇಳಿ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿಯ ಆಡಳಿತದಲ್ಲಿ ಇದ್ದುದರಿಂದ ಹಳೆಯ ನಮೂದುಗಳ ಕನ್ನಡದಲ್ಲಿ ಮರಾಠಿ ಕಚೇರಿಯ ಮಾತು ಬೆರೆತಿರುತ್ತದೆ: ತೀರಿಕೊಂಡರು ಎನ್ನಲು ‘ಮಯತ’, ವ್ಯಕ್ತಿ ಎನ್ನಲು ‘ಇಸಮ’. ನಾನು ಮೊದಲ ಸಲ ಇಂಥ ನಕಲು ಓದಿದಾಗ ಮಯತ ಎಂಬುದು ಯಾರದೋ ಅಡ್ಡಹೆಸರೆಂದು ತಿಳಿದು ಒಂದು ಇಡೀ ಮಧ್ಯಾಹ್ನ ಆ ಮನೆತನವನ್ನು ಹುಡುಕಿದ್ದೆ. ಅಲ್ಲಿ ‘ಸುಮಾರು ಹತ್ತು ವರ್ಷಗಳ ಹಿಂದೆ’ ಎಂಬಂಥ ಮಾತಿದ್ದರೆ ಅದನ್ನು ಸಾವಿನ ವರ್ಷವೆಂದು ಹಿಡಿಯಬೇಡಿ, ಅದು ವರದಿ ಕೊಟ್ಟವರ ಅಂದಾಜು. ಹೇಳಿಕೆ ಕೊಟ್ಟವರು ಯಾರು, ಯಾವ ದಿನ ಎಂಬುದೇ ಹೆಚ್ಚು ಬೆಲೆಯುಳ್ಳದ್ದು. ಜಮೀನು ಗೇಣಿಯದಾಗಿದ್ದರೆ 1974ರ ಭೂಸುಧಾರಣೆಯ ಡಿಕ್ಲರೇಶನ್, ಅಂದರೆ ಫಾರ್ಮ್ ನಂಬರ್ 7ರ ಕಡತವನ್ನೂ ನೋಡಿ. ಗೇಣಿ ಯಾರಿಂದ ಯಾರಿಗೆ ಬಂತೆಂದು ಭೂನ್ಯಾಯ ಮಂಡಳಿಯ ಮುಂದೆ ಹೇಳುವಾಗ ಮನೆತನದ ಕವಲುಗಳೆಲ್ಲ ಹೊರಗೆ ಬಂದಿರುತ್ತವೆ. ಗೋಕರ್ಣದಲ್ಲಿ ಕರ್ಮ ಮಾಡಿಸಿದ ಪುರೋಹಿತರ ಮನೆ ಯಾವುದೆಂದು ತಿಳಿದಿದ್ದರೆ ಒಮ್ಮೆ ಹೋಗಿ ಹಳೆಯ ವಹಿ (ದಾಖಲೆ ಪುಸ್ತಕ) ಉಳಿದಿದೆಯೇ ಎಂದು ಕೇಳಿ.

ಇಷ್ಟಾದ ಮೇಲೆ ಮುಂಬಯಿ. ಮರಣ ನೋಂದಣಿ ಆಗುವುದು ಮರಣ ನಡೆದ ಊರಿನಲ್ಲಿ, ಮೃತರ ಸ್ವಂತ ಊರಿನಲ್ಲಲ್ಲ. ಅಂಕೋಲೆಯ ಮರಣದ ಪುಸ್ತಕದಲ್ಲಿ ಅವರ ಹೆಸರಿಲ್ಲವೆಂಬುದರಿಂದ ಏನೂ ಸಿದ್ಧವಾಗುವುದಿಲ್ಲ. ಮುಂಬಯಿ ಮಹಾನಗರಪಾಲಿಕೆಗೆ ಬರೆಯುವಾಗ ಕಾರ್ಡಿನಲ್ಲಿರುವ ವಿಳಾಸದ ಬಡಾವಣೆ, ಅಂದಾಜು ವರ್ಷ ಮತ್ತು ಹೆಸರನ್ನು ಬರೆಯಬಹುದಾದ ಎಲ್ಲ ರೂಪಗಳನ್ನು ಕೊಡಿ. ಗೋದಿಯ ಕೆಲಸವೆಂದು ಮನೆಯಲ್ಲಿ ಹೇಳುವುದು ಹಡಗಿನ ಖಲಾಶಿ (ನಾವಿಕ) ಕೆಲಸವೂ ಆಗಿರಬಹುದೆಂಬುದನ್ನು ಮರೆಯಬೇಡಿ. ಯುದ್ಧದಲ್ಲಿ ಸಮುದ್ರದ ಪಾಲಾದ ಸಾವಿರಾರು ಭಾರತೀಯ ನಾವಿಕರ ಹೆಸರುಗಳನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ದಾಖಲಿಸಿದೆ, ಅದರ ಪಟ್ಟಿಯನ್ನು ಮನೆಯಲ್ಲೇ ಕುಳಿತು ಅಂತರ್ಜಾಲದಲ್ಲಿ ಹುಡುಕಬಹುದು. ನಮ್ಮ ಕರಾವಳಿಯ ಹೆಸರುಗಳು ಅಲ್ಲಿ ಗುಮಾಸ್ತನ ಕಿವಿಗೆ ಕೇಳಿಸಿದಂತೆ ಬರೆದಿರುವ ಸಾಧ್ಯತೆ ಇರುವುದರಿಂದ, ತಂದೆಯ ಹೆಸರೂ ಊರೂ ತಾಳೆಯಾಗದೆ ಇವರೇ ಅವರು ಎಂದು ಒಪ್ಪಿಕೊಳ್ಳಬೇಡಿ.

ಪ್ರಶ್ನೆ: ನನ್ನ ಚಿಕ್ಕಪ್ಪ 2009ರಲ್ಲಿ ಮನೆ ಬಿಟ್ಟು ಹೋದವರು ಮರಳಲಿಲ್ಲ. ಏಳು ವರ್ಷ ದಾಟಿದ್ದರಿಂದ ಮರಣ ಪ್ರಮಾಣಪತ್ರ ತಾನಾಗಿಯೇ ಸಿಗುತ್ತದೆಯೇ? ವಂಶವೃಕ್ಷದಲ್ಲಿ ಅವರ ಮರಣದ ವರ್ಷವನ್ನು 2016 ಎಂದು ಬರೆಯಬಹುದೇ?
— ಶಿರಸಿಯ ಓದುಗರೊಬ್ಬರು

ಉತ್ತರ: ಎರಡಕ್ಕೂ ಇಲ್ಲವೆಂದೇ ಹೇಳಬೇಕು. ಬದುಕಿದ್ದರೆ ಸಹಜವಾಗಿ ಸುದ್ದಿ ತಿಳಿಯಬೇಕಾದವರಿಗೆ ಏಳು ವರ್ಷ ಸುದ್ದಿ ಬಾರದಿದ್ದರೆ, ಬದುಕಿದ್ದಾರೆಂದು ಹೇಳುವವರೇ ಅದನ್ನು ಸಾಬೀತುಪಡಿಸಬೇಕು ಎಂಬುದಷ್ಟೇ ಕಾನೂನು. ಮೊದಲು ಸಾಕ್ಷ್ಯ ಕಾಯ್ದೆಯ 108ನೆಯ ಕಲಮಿನಲ್ಲಿದ್ದ ಈ ಮಾತು 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೆಯ ಕಲಮಾಗಿದೆ. ಸತ್ತಿದ್ದಾರೆಂದು ಭಾವಿಸಬಹುದೇ ಹೊರತು ಇಂಥ ದಿನ ಸತ್ತರೆಂದು ಭಾವಿಸಲಾಗದು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ವಿಮೆಯ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿದೆ. ನಾಪತ್ತೆಯ ಪೊಲೀಸ್ ದೂರಿನ ಪ್ರತಿಯೊಂದಿಗೆ ವಕೀಲರನ್ನು ಕಂಡು ಸಿವಿಲ್ ನ್ಯಾಯಾಲಯದಿಂದ ಘೋಷಣೆ ಪಡೆಯಿರಿ, ನೋಂದಣಿಯ ಮಾತು ಆ ಬಳಿಕ. ವಂಶವೃಕ್ಷದಲ್ಲಿ ‘2009ರ ನಂತರ ಸುದ್ದಿಯಿಲ್ಲ’ ಎಂದು ಬರೆಯಿರಿ.