ರಾಯಲ್ ಬ್ಲೂಗೆ ಸೋಡಾ, ಬ್ಲೂ-ಬ್ಲ್ಯಾಕ್‌ಗೆ ಹುಳಿ: ಇಂಕಿನ ಕಲೆಯ ಪ್ರಶ್ನೋತ್ತರ

ಪ್ರಶ್ನೆ: ಮಗನ ಬಿಳಿ ಟೆರಿಕಾಟ್ ಯೂನಿಫಾರ್ಮ್ ಜೇಬಿನಲ್ಲಿ ಇಂಕ್ ಪೆನ್ನು ಸೋರಿ ಅಂಗೈಯಗಲ ಕಲೆಯಾಗಿದೆ. ಇಂಕು ರಾಯಲ್ ಬ್ಲೂ. ಸ್ಯಾನಿಟೈಸರ್ ಹಾಕಿದೆ, ನಿಂಬೆಹಣ್ಣು ಉಜ್ಜಿದೆ. ಕಲೆ ಇನ್ನಷ್ಟು ಹರಡಿತು.
– ಗೃಹಿಣಿ, ಹಾಸನ

ಉತ್ತರ: ಸ್ಯಾನಿಟೈಸರ್ ಬಾಲ್ ಪೆನ್ನಿನ ಕಲೆಗೆ ಮದ್ದು. ಆ ಇಂಕು ಎಣ್ಣೆಯಂಥ ಅಂಟು, ಆಲ್ಕೋಹಾಲಿಗೆ ಕರಗುತ್ತದೆ. ಇಂಕ್ ಪೆನ್ನಿನಲ್ಲಿ ಇರುವುದು ನೀರಿನಲ್ಲಿ ಕರಗಿದ ಬಣ್ಣ, ಅದಕ್ಕೆ ಮೊದಲು ಬೇಕಾದದ್ದು ನೀರೇ. ಇನ್ನು ನಿಂಬೆ ಇಲ್ಲಿ ಪೂರಾ ಉಲ್ಟಾ. ತೊಳೆದರೆ ಹೋಗುವ ರಾಯಲ್ ಬ್ಲೂ ಇಂಕಿನ ನೀಲಿ ಹುಳಿಯಲ್ಲಿ ಚೆನ್ನಾಗಿ ಉಳಿಯುತ್ತದೆ, ಕ್ಷಾರ ತಾಗಿದರೆ ಬಣ್ಣಗೆಡುತ್ತದೆ. ಅರಿಶಿನದ ಕಲೆ ಸೋಪು ತಾಗಿ ಕೆಂಪಾಗುತ್ತದಲ್ಲ, ಹೆಚ್ಚುಕಡಿಮೆ ಅಂಥದ್ದೇ ಆಟ.

ಮೊದಲು ನಿಂಬೆಯ ಹುಳಿಯೆಲ್ಲ ಹೋಗುವ ಹಾಗೆ ತೊಳೆಯಿರಿ. ಜೇಬಿಗೆ ಎರಡು ಪದರವಿದೆ. ನಡುವೆ ಹಳೆ ಬಟ್ಟೆ ಮಡಚಿ ತುರುಕದಿದ್ದರೆ ಒಂದರ ಇಂಕು ಇನ್ನೊಂದಕ್ಕೆ ಇಳಿಯುತ್ತದೆ. ಶರ್ಟನ್ನು ಒಳಮಗ್ಗುಲು ಮೇಲೆ ಮಾಡಿ ಹಿಡಿದು, ತಣ್ಣೀರಿನ ನಲ್ಲಿಯಡಿ ಐದು-ಹತ್ತು ನಿಮಿಷ ಬಿಡಿ. ಇಂಕು ಬಂದ ದಾರಿಯಲ್ಲೇ ವಾಪಸು ಹೋಗಬೇಕು, ಹಾಗಾಗಿ ನೀರು ಹಿಂಬದಿಯಿಂದ. ಉಜ್ಜಬೇಡಿ, ಒತ್ತಿ ಹೀರಿಸಿ.

ಇಳಿಯುವ ನೀರು ತಿಳಿಯಾದ ಮೇಲೆ 1 ಲೀಟರ್ ಉಗುರುಬೆಚ್ಚಗಿನ ನೀರಿಗೆ 1 ದೊಡ್ಡ ಚಮಚ ವಾಷಿಂಗ್ ಸೋಡಾ ಕರಗಿಸಿ, ಅರ್ಧ ಗಂಟೆ ನೆನೆಹಾಕಿ. ನೀಲಿ ಮಾಸುತ್ತದೆ. ಮಾಸಿತೆಂದ ಮಾತ್ರಕ್ಕೆ ಹೋಯಿತೆಂದಲ್ಲ. ಬಣ್ಣವಿಲ್ಲದ ರೂಪದಲ್ಲಿ ನೂಲಿನಲ್ಲೇ ಕೂತಿರಬಹುದು, ಹುಳಿ ತಾಗಿದರೆ ಮತ್ತೆ ನೀಲಿಯಾಗಿ ಎದ್ದೀತು. ಆದ್ದರಿಂದ ಕೂಡಲೇ ಡಿಟರ್ಜೆಂಟಿನಲ್ಲಿ ಒಗೆದು ಮೂರು ಸಲ ಜಾಲಿಸಿ. ಟೆರಿಕಾಟ್‌ನ ಪಾಲಿಯೆಸ್ಟರ್ ಎಳೆ ಬಣ್ಣವನ್ನು ಅಷ್ಟಾಗಿ ಹಿಡಿಯುವುದಿಲ್ಲ, ಹತ್ತಿಯ ಎಳೆ ಹಿಡಿಯುತ್ತದೆ. ಕೊನೆಯ ತೆಳುನೀಲಿ ಉಳಿಯುವುದು ಅಲ್ಲೇ, ಅದರಲ್ಲೂ ಜೇಬಿನ ಹೊಲಿಗೆಯ ಸಾಲಿನಲ್ಲಿ.

ಆಗಲೂ ಹೋಗದಿದ್ದರೆ ಮಾತ್ರ ಕ್ಲೋರಿನ್ ಬ್ಲೀಚ್: 1 ಲೀಟರ್ ತಣ್ಣೀರಿಗೆ 15 ಮಿ.ಲೀ., ಐದರಿಂದ ಹತ್ತು ನಿಮಿಷ, ಆಮೇಲೆ ಧಾರಾಳ ನೀರು. ಶಾಲೆಯ ಬಣ್ಣದ ಬ್ಯಾಡ್ಜ್ ಹೊಲಿದಿದ್ದರೆ ಆ ಭಾಗ ಮುಳುಗಿಸಬೇಡಿ. ಬ್ಲೀಚ್ ಇರುವ ಬಕೆಟ್ಟಿಗೆ ನಿಂಬೆ, ವಿನೆಗರ್, ಟಾಯ್ಲೆಟ್ ಕ್ಲೀನರ್ ಯಾವುದೂ ಬೀಳಬಾರದು, ಕ್ಲೋರಿನ್ ಅನಿಲ ಏಳುತ್ತದೆ. ಕಲೆ ಪೂರ್ತಿ ಹೋಗುವ ತನಕ ಇಸ್ತ್ರಿ ಬೇಡ.

ಅಂದಹಾಗೆ, ಇಂಕು ಮುಗಿಯುತ್ತ ಬಂದ ಪೆನ್ನೇ ಹೆಚ್ಚು ಸೋರುವುದು. ಒಳಗಿನ ಗಾಳಿ ಮೈಬಿಸಿಗೆ ಹಿಗ್ಗಿ ಇಂಕನ್ನು ಹೊರತಳ್ಳುತ್ತದೆ. ಪೆನ್ನು ತುಂಬಿರಲಿ, ಜೇಬಿನಲ್ಲಿ ನಿಬ್ಬು ಮೇಲ್ಮುಖವಾಗಿರಲಿ.

ಪ್ರಶ್ನೆ: ಅಪ್ಪನ ಹತ್ತಿ ಪಂಚೆಗೆ ಬ್ಲೂ-ಬ್ಲ್ಯಾಕ್ ಇಂಕು ಬಿತ್ತು. ಬ್ಲೀಚ್ ಹಾಕಿದೆ. ನೀಲಿ ಹೋಗಿ ತುಕ್ಕಿನಂಥ ಕಂದು ಕಲೆ ಉಳಿದಿದೆ.
– ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಉತ್ತರ: ತುಕ್ಕಿನಂಥದ್ದಲ್ಲ, ಅದು ತುಕ್ಕೇ. ಹಳೆ ಪದ್ಧತಿಯ ಬ್ಲೂ-ಬ್ಲ್ಯಾಕ್‌ನಲ್ಲಿ ಕಬ್ಬಿಣದ ಲವಣ ಮತ್ತು ಒಗರಿನ ಸತ್ವ ಇರುತ್ತವೆ. ಗಾಳಿ ತಾಗಿದಂತೆ ಎರಡೂ ಕೂಡಿ ಕರಿಯಾಗುತ್ತವೆ. ಬಾಳೆಕಾಯಿ ಹೆಚ್ಚಿದ ಕಬ್ಬಿಣದ ಈಳಿಗೆಮಣೆ ಕಪ್ಪಾಗುವುದೂ ಇದೇ ಕಾರಣಕ್ಕೆ. ಬ್ಲೀಚ್ ನೀಲಿಯನ್ನೂ ಒಗರನ್ನೂ ಸುಟ್ಟು, ಕಬ್ಬಿಣವನ್ನು ನೂಲಿನಲ್ಲೇ ಬಿಟ್ಟಿದೆ.

ಇಲ್ಲಿ ಬೇಕಾದದ್ದು ಹುಳಿ. ಬ್ಲೀಚಿನ ವಾಸನೆ ಪೂರಾ ಹೋಗುವವರೆಗೆ ಪಂಚೆ ತೊಳೆಯಿರಿ. ಆಮೇಲೆ 200 ಮಿ.ಲೀ. ಬಿಸಿನೀರಿಗೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಪುಡಿ, 10 ಗ್ರಾಂ (2 ಚಹಾ ಚಮಚ), ಜೊತೆಗೆ 500 ಮಿ.ಗ್ರಾಂನ 2 ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ಹಾಕಿ. ಕಿತ್ತಳೆ ಬಣ್ಣದ ಚೀಪುವ ಮಾತ್ರೆ ಬೇಡ, ಅದರದ್ದೇ ಇನ್ನೊಂದು ಕಲೆಯಾದೀತು. ವಿಟಮಿನ್ ಸಿ ಕಬ್ಬಿಣವನ್ನು ಕರಗುವ ರೂಪಕ್ಕೆ ತರುತ್ತದೆ, ನಿಂಬೆ ಉಪ್ಪು ಅದನ್ನು ಹಿಡಿದು ನೀರಿಗೆ ಎಳೆಯುತ್ತದೆ. ಕಲೆಯ ಭಾಗವನ್ನಷ್ಟೇ ಅರ್ಧ ಗಂಟೆ ಅದ್ದಿಡಿ, ತೊಳೆಯಿರಿ, ಹೊಸ ದ್ರಾವಣದಲ್ಲಿ ಇನ್ನೊಮ್ಮೆ. ರಾತ್ರಿಯಿಡೀ ಬಿಟ್ಟು ಹಾಗೇ ಒಣಗಿಸಿದರೆ ಹುಳಿಯಿಂದ ಹತ್ತಿ ಜೀರ್ಣವಾಗುತ್ತದೆ. ಜರಿ ಅಂಚಿದ್ದರೆ ಅದಕ್ಕೆ ತಾಗಿಸಬೇಡಿ.

ಬ್ಲೂ-ಬ್ಲ್ಯಾಕ್ ಎಂದು ಬರೆದ ಬಾಟಲಿಗಳಲ್ಲೆಲ್ಲ ಕಬ್ಬಿಣ ಇರುವುದಿಲ್ಲ. ಕಾಗದದ ಮೇಲೆ ಗೆರೆ ಎಳೆದು, ಎರಡು ದಿನ ಬಿಟ್ಟು ನೀರು ಹನಿಸಿ ನೋಡಿ. ಗೆರೆ ಪೂರಾ ಕದಡಿ ಹೋದರೆ ಬರೀ ಬಣ್ಣ. ಸೋಡಾ ದಾರಿ ಹಿಡಿಯಬಹುದು. ಬೂದುಗಪ್ಪು ಗೆರೆ ಉಳಿದು, ನಿಂಬೆರಸಕ್ಕೆ ಮಾಸಿದರೆ ಕಬ್ಬಿಣ. ನಿಂಬೆಗೂ ಜಗ್ಗದಿದ್ದರೆ ಅದು ಕಾಡಿಗೆಯಂಥ ಕಣಗಳ ಇಂಕು. ಕಣಗಳು ಯಾವ ದ್ರವಕ್ಕೂ ಕರಗುವುದಿಲ್ಲ. ಹಸಿಯಾಗಿದ್ದಾಗಲೇ ಗಟ್ಟಿ ಸೋಪು ಹಚ್ಚಿ, ಮೆತ್ತನೆ ಬ್ರಷ್ಷಿನಿಂದ ತಿಕ್ಕಿ ಹೊರಗೆಳೆಯಬೇಕು.

ಪ್ರಶ್ನೆ: ಪೆನ್ನಿಗೆ ಕೆಂಪು ಇಂಕು ತುಂಬಿದಾಗಲೆಲ್ಲ ಬೆರಳಿಗೆ ಮೆತ್ತಿಕೊಳ್ಳುತ್ತದೆ. ಬ್ಲೀಚ್ ಹಚ್ಚಬಹುದೇ?
– ಶಿಕ್ಷಕಿ, ಧಾರವಾಡ

ಉತ್ತರ: ಹಚ್ಚಬಾರದು, ಚರ್ಮ ಸುಡುತ್ತದೆ. ನಿಂಬೆ ಹೋಳು ತಿಕ್ಕಿಕೊಂಡು ಬಿಸಿಲಿಗೆ ಹೋಗುವುದೂ ಒಳ್ಳೆಯದಲ್ಲ. ಅದರ ರಸ ಬಿಸಿಲಿನೊಂದಿಗೆ ಸೇರಿದರೆ ಗುಳ್ಳೆ ಎದ್ದು, ಆಮೇಲೆ ವಾರಗಟ್ಟಲೆ ಕಪ್ಪು ಕಲೆ ಉಳಿಯಬಹುದು. ಸೋಪಿನಿಂದ ತೊಳೆದು, ಕೊಬ್ಬರಿ ಎಣ್ಣೆ ಹಚ್ಚಿ ಐದು ನಿಮಿಷ ಬಿಡಿ. ಎಣ್ಣೆ ಇಂಕನ್ನು ಕರಗಿಸುವುದಿಲ್ಲ, ಬಣ್ಣ ಹಿಡಿದ ಒಣಚರ್ಮವನ್ನು ಮೆದುವಾಗಿಸುತ್ತದೆ. ನಂತರ ಕಡಲೆಹಿಟ್ಟಿನಿಂದ ತಿಕ್ಕಿ ತೊಳೆಯಿರಿ. ಉಗುರಿನ ಸಂದಿಗೆ ಹಳೆ ಹಲ್ಲುಜ್ಜುವ ಬ್ರಷ್ಷು ಮತ್ತು ಬಿಳಿ ಟೂತ್‌ಪೇಸ್ಟ್. ಉಳಿದದ್ದು ಎರಡು-ಮೂರು ದಿನದ ಸ್ನಾನ, ಪಾತ್ರೆ ತೊಳೆಯುವುದರಲ್ಲಿ ತಾನೇ ಹೋಗುತ್ತದೆ. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗಿ 1962ರ ಚುನಾವಣೆಯಿಂದ ನಮ್ಮ ಬೆರಳಿಗೆ ಬೀಳುತ್ತಿರುವ ಮತದಾನದ ಶಾಯಿಯ ಹಾಗೆ ಇದು ಹಟಮಾರಿಯಲ್ಲ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಮುಂದಿನ ಸಲ ಇಂಕು ತುಂಬುವ ಮೊದಲೇ ಉಗುರಿನ ಸುತ್ತ ವ್ಯಾಸಲೀನ್ ಸವರಿಕೊಳ್ಳಿ.

ಪ್ರಶ್ನೆ: ರೇಷ್ಮೆ ಸೀರೆಗೆ ಇಂಕು ಬಿದ್ದರೆ?
– ಓದುಗರು, ಬೆಂಗಳೂರು

ಉತ್ತರ: ಸೋಡಾ ಬೇಡ, ಕ್ಲೋರಿನ್ ಬ್ಲೀಚ್ ಮುಟ್ಟಲೇಬೇಡಿ, ಅದು ರೇಷ್ಮೆಯ ಎಳೆಯನ್ನೇ ತಿನ್ನುತ್ತದೆ. ಒಣ ಹತ್ತಿ ಬಟ್ಟೆ ಒತ್ತಿ ಆದಷ್ಟೂ ಹೀರಿಸಿ, ನೀರು ಸೋಕಿಸದೆ ಅದೇ ದಿನ ಡ್ರೈಕ್ಲೀನರ್‌ಗೆ ಕೊಡಿ. ಇಂಕಿನ ಬಾಟಲಿಯನ್ನೂ ಒಯ್ದು ತೋರಿಸಿ.